ಕುಬಸದ ಸೀರೆಗೆ ಯಾವ ಹಸಿರು

ಹಂಡೆಯಿಂದ ಆಗಷ್ಟೇ ತೆಗೆದ ನೂಲಿನ ಬಣ್ಣವನ್ನು ನಂಬಬಾರದು. ಒದ್ದೆ ನೂಲು ಯಾವಾಗಲೂ ತನ್ನ ನಿಜಕ್ಕಿಂತ ಗಾಢವಾಗಿ ಕಾಣುತ್ತದೆ. ಹಿಂಡಿ, ಒಣಗಿಸಿ, ಉತ್ತರದ ಕಿಟಕಿಯ ಬೆಳಕಿನಲ್ಲಿ ಹಿಡಿದು ನೋಡಿದ ಮೇಲೆಯೇ ಮಾತಾಡಬೇಕು. ಬನಹಟ್ಟಿಯ ಒಂದು ನೇಕಾರರ ಸಂಘದ ಬಣ್ಣದ ಮನೆಯಲ್ಲಿ ನನ್ನ ಇಡೀ ಸರ್ವಿಸ್ ಕಳೆಯಿತು. ಹುದ್ದೆಯ ಹೆಸರು ಕಾಲಕಾಲಕ್ಕೆ ಬದಲಾಯಿತು, ಕೆಲಸ ಬದಲಾಗಲಿಲ್ಲ. ಗಿರಾಕಿ ತಂದ ತುಂಡಿಗೆ ನಮ್ಮ ಬಣ್ಣವನ್ನು ಹೊಂದಿಸುವುದು, ಆಮೇಲೆ ‘ಹೊಂದಿತು’ ಎಂದು ಹೇಳುವುದು. ಹೊಂದಿಸುವುದನ್ನು ಬೇಗನೆ ಕಲಿತೆ. ‘ಹೊಂದಿತು’ ಎಂದು ಹೇಳಲು ಕಲಿಯುವುದಕ್ಕೆ ವರ್ಷಗಳೇ ಹಿಡಿದವು.

ನಿವೃತ್ತಿಯಾದ ಮೇಲೆ ಜಮಖಂಡಿಯಲ್ಲಿದ್ದೇನೆ. ಟೆಕ್ಸ್‌ಟೈಲ್ ಡಿಪ್ಲೊಮಾ ಮುಗಿಸಿ ಈ ಲೈನಿಗೆ ಬರುವ ಹುಡುಗಿಯರು ಆಗಾಗ ಫೋನ್ ಮಾಡುತ್ತಾರೆ. ಮೆಷಿನ್ ಬಗ್ಗೆ ಕೇಳುತ್ತಾರೆ, ಕೆಮಿಕಲ್ ಬಗ್ಗೆ ಕೇಳುತ್ತಾರೆ. ಅವೆಲ್ಲ ನನಗಿಂತ ಅವರಿಗೇ ಚೆನ್ನಾಗಿ ಗೊತ್ತು. ‘ಸಾಕು, ಇದೇ ಸರಿ’ ಎಂದು ಹೇಳುವುದು ಹೇಗೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಕೇಳದಿದ್ದರೂ ಬರೆಯುತ್ತಿದ್ದೇನೆ.

ನಾನು ಓದಿದ್ದು ಬೆಳಗಾವಿಯ ಒಂದು ಕಾನ್ವೆಂಟಿನಲ್ಲಿ, ಬೋರ್ಡಿಂಗಿನಲ್ಲಿದ್ದುಕೊಂಡು. ಅಲ್ಲಿ ನೀಡಲ್‌ವರ್ಕ್ ಕಲಿಸುವ ಸಿಸ್ಟರ್ ಕಸೂತಿಯ ಮುಂಭಾಗವನ್ನು ನೋಡುತ್ತಲೇ ಇರಲಿಲ್ಲ. ಬಟ್ಟೆ ತಿರುವಿ ಹಿಂಭಾಗ ನೋಡುತ್ತಿದ್ದರು. ಒಂದು ಗಂಟು ಕಂಡರೂ ಸಾಕು, ‘ಅನ್‌ಡೂ ಇಟ್, ಚೈಲ್ಡ್’ ಎನ್ನುತ್ತಿದ್ದರು. ಮೆತ್ತನೆಯ ದನಿ, ಬೈಗುಳವೇ ಇಲ್ಲ. ಬೈದಿದ್ದರೆ ಮರೆಯಬಹುದಿತ್ತು. ಮಳೆಗಾಲದ ಮಧ್ಯಾಹ್ನಗಳಲ್ಲಿ ಆ ಉದ್ದನೆಯ ವರಾಂಡದಲ್ಲಿ ಕುಳಿತು ಹಾಕಿದ ಹೊಲಿಗೆಯನ್ನೇ ಬಿಚ್ಚುತ್ತಿದ್ದ ನೆನಪು ಈಗಲೂ ಹಿತವಾಗಿಯೇ ಇದೆ. ಆದರೆ ಬಿಚ್ಚುವುದು ಕೈಗೆ ಅಭ್ಯಾಸ ಆಗಿಬಿಟ್ಟಿತು. ಮದುವೆಯಾಗಿ ರಬಕವಿಗೆ ಬಂದು, ಪಕ್ಕದ ಬನಹಟ್ಟಿಯ ಸಂಘದ ಕೆಲಸಕ್ಕೆ ಸೇರುವಾಗ ಆ ಅಭ್ಯಾಸವನ್ನು ಕ್ವಾಲಿಫಿಕೇಶನ್ ಎಂದೇ ತಿಳಿದಿದ್ದೆ.

ನಮ್ಮ ಮ್ಯಾನೇಜರು ಪಾಟೀಲ ಸಾಹೇಬರು. ಬೀಳಗಿ ಕಡೆಯವರು, ದಪ್ಪ ಮೀಸೆ, ತೆಳ್ಳಗಿನ ದೇಹ. ಯಾವ ಕಾಗದ ಮುಂದೆ ಬಂದರೂ ಕೈಯಲ್ಲಿನ ಚಹಾ ಆರುವ ಮೊದಲೇ ಹೌದು ಅಥವಾ ಇಲ್ಲ ಎಂದು ಹೇಳಿ ಮುಗಿಸುತ್ತಿದ್ದರು. ಎಷ್ಟೋ ಸಲ ತಪ್ಪು ಹೇಳುತ್ತಿದ್ದರು. ಮರುದಿನ ಅಷ್ಟೇ ಬೇಗ ‘ನಿನ್ನಿ ಹೇಳಿದ್ದು ತಪ್ಪರೀ, ಹಿಂಗ ಮಾಡ್ರಿ’ ಎನ್ನುತ್ತಿದ್ದರು. ನನಗೆ ಅವರನ್ನು ಕಂಡರೆ ಒಳಗೊಳಗೇ ತಾತ್ಸಾರವಿತ್ತು. ನೋ ಸ್ಟ್ಯಾಂಡರ್ಡ್ಸ್ ಎಂದುಕೊಳ್ಳುತ್ತಿದ್ದೆ.

ನಾನೋ, ಒಂದು ಸ್ಯಾಂಪಲ್ ಲಡಿಯನ್ನು, ಅಂದರೆ ನೂಲಿನ ಸಣ್ಣ ಕಟ್ಟನ್ನು, ಕಿಟಕಿಯ ತಂತಿಗೆ ಹಾಕಿ ಬೆಳಿಗ್ಗೆ ನೋಡುತ್ತಿದ್ದೆ, ಮಧ್ಯಾಹ್ನ ನೋಡುತ್ತಿದ್ದೆ, ಮೋಡ ಬಂದರೆ ಮೋಡದಲ್ಲಿ ನೋಡುತ್ತಿದ್ದೆ. ನೇಕಾರರು ಬಾಗಿಲಲ್ಲಿ ನಿಂತು ಕೇಳಿದರೆ ‘ನಾಳೆ ನೋಡೋಣ’ ಎನ್ನುತ್ತಿದ್ದೆ. ನಮ್ಮ ಕಡೆ ಓದಿದ ಹೆಂಗಸರನ್ನು ಮರ್ಯಾದೆಯಿಂದ ‘ಬಾಯಾರು’ ಎನ್ನುತ್ತಾರೆ. ವರ್ಷ ತುಂಬುವುದರೊಳಗೆ ನನಗೆ ‘ನಾಳಿ ಬಾಯಾರು’ ಎಂಬ ಹೆಸರು ಬಿತ್ತು. ಬೆನ್ನ ಹಿಂದೆ ಅಷ್ಟೇ ಅಲ್ಲ, ಎದುರಿಗೂ.

ಮುಧೋಳದ ಒಬ್ಬ ವ್ಯಾಪಾರಿ ಮದುವೆ ಸೀಸನ್ನಿಗೆಂದು ಕುಂಕುಮಗೆಂಪು ಸೀರೆಗಳನ್ನು ಹೇಳಿ, ಮಾದರಿಗೆ ಒಂದು ಬಟ್ಟೆಯ ತುಂಡು ಕೊಟ್ಟು ಹೋಗಿದ್ದ. ಮೊದಲ ಅದ್ದಿನಲ್ಲೇ ನೂಲು ಹೆಚ್ಚುಕಡಿಮೆ ಅದೇ ಬಣ್ಣಕ್ಕೆ ಬಂದಿತ್ತು. ನನಗೆ ಒಂದು ಕೂದಲೆಳೆ ಕಡಿಮೆ ಎನಿಸಿತು. ಇನ್ನೊಮ್ಮೆ ಅದ್ದಿಸಿದೆ. ಈಗ ಹಳದಿ ಕಡಿಮೆ ಎನಿಸಿತು. ಮತ್ತೊಮ್ಮೆ. ಪ್ರತಿ ಸಲವೂ ಒಂದು ಕೊರತೆ ತುಂಬಲು ಹೋಗಿ ಇನ್ನೊಂದನ್ನು ಹುಟ್ಟಿಸಿದೆ. ಕೊನೆಗೆ ನೂಲು ಒಣಗಿದ ಮೇಲೆ ನೋಡಿದರೆ ಹಳೆಯ ಕಬ್ಬಿಣದ ಬಣ್ಣ.

ವ್ಯಾಪಾರಿ ಬಂದು ಲಡಿಯನ್ನು ಬೆರಳ ತುದಿಯಲ್ಲಿ ಎತ್ತಿ ಹಿಡಿದ. “ಬಾಯಾರ, ಮದಿಮಗಳಿಗೆ ಉಡಸಾಕಂತ ಹೇಳಿದ್ನಿರಿ ನಾ. ಕಾಗಿಗೆ ಅಲ್ರಿ.”

ಪಾಟೀಲ ಸಾಹೇಬರು ಆ ನೂಲನ್ನು ಕಪ್ಪು ಹಾಕಿಸಿ ಬೇರೆ ಸೀರೆಗಳ ಅಂಚಿಗೆ ಕೊಟ್ಟರು, ಅದು ಆಯಿತು. ನನಗೆ ಹೇಳಿದ್ದು ಇಷ್ಟೇ: “ಬಾಯಾರ, ತಿಳಿ ಬಣ್ಣ ಗಾಢ ಆಕ್ಕೈತಿ. ಗಾಢ ಬಣ್ಣ ತಿಳಿ ಆಗೂದಿಲ್ಲ. ಯಾವುದು ತಿರಗಿ ಬರ್ತೈತಿ, ಯಾವುದು ಬರೂದಿಲ್ಲ, ಅಷ್ಟ ನೋಡ್ರಿ.” ಇದು ಬಣ್ಣದ ಮನೆಯ ಎಲ್ಲರಿಗೂ ಗೊತ್ತಿರುವ ಮಾತು. ನಾನೂ ತಲೆಯಾಡಿಸಿದೆ. ಅದು ಬಣ್ಣದ ವಿಷಯ ಮಾತ್ರ ಎಂದುಕೊಂಡಿದ್ದೆ.

ಆ ವರ್ಷವೋ ಮರುವರ್ಷವೋ ಶಾಂತವ್ವ ಬಂದಳು.

ಶಾಂತವ್ವ, ಅವಳ ಗಂಡ ಮಲ್ಲಪ್ಪ, ಇಬ್ಬರೂ ನಮ್ಮ ಸಂಘದ ನೇಕಾರರು. ಊರಿನ ಅರ್ಧದಷ್ಟು ಮನೆಗಳಲ್ಲಿ ಪವರ್‌ಲೂಮ್ ಸದ್ದು ಶುರುವಾಗಿದ್ದರೂ ಇವರದು ಇನ್ನೂ ಕೈಮಗ್ಗ. ಮಗಳು ಗೀತಾಳನ್ನು ಕೃಷ್ಣಾ ದಂಡೆಯ ಗಲಗಲಿಗೆ ಕೊಟ್ಟಿದ್ದರು. ಶಾಂತವ್ವ ಒಂದು ಟವೆಲ್ಲಿನಲ್ಲಿ ಸುತ್ತಿದ ಹಳೆಯ ಸೀರೆಯನ್ನು ನನ್ನ ಮೇಜಿನ ಮೇಲೆ ಬಿಚ್ಚಿಟ್ಟಳು.

“ಬಾಯಾರ, ಗೀತಾನ ಕುಬಸಕ್ಕ ಇದ ಹಸರು ಬೇಕ್ರಿ.”

ಕುಬಸ ಎಂದರೆ ಬಸುರಿಯ ಉಡಿ ತುಂಬುವ ಶಾಸ್ತ್ರ. ತವರಿನವರು ಹಸಿರು ಸೀರೆ, ಹಸಿರು ಬಳೆ ತೆಗೆದುಕೊಂಡು ಹೋಗಬೇಕು. ಶಾಂತವ್ವನ ಮನೆತನದಲ್ಲಿ ಇನ್ನೊಂದು ಕಟ್ಟಳೆ ಇತ್ತು. ಆ ಸೀರೆಯನ್ನು ಕೊಳ್ಳುವ ಹಾಗಿಲ್ಲ, ತಾಯಿಯೇ ಮಗಳಿಗೆ ನೇಯಬೇಕು.

“ಯಾವಾಗ ಕುಬಸ?”

“ಬರೂ ತಿಂಗಳ. ಏಳನೇದ್ರಾಗ. ಮಠದ ಅಯ್ಯಾರು ದಿನಾ ತಗದ ಕೊಟ್ಟಾರ.”

“ಇಷ್ಟ ತಡಾ ಮಾಡಿ ಬಂದಿಯಲ್ಲ! ನೂಲಿಗೆ ಬಣ್ಣ ಆಗಬೇಕು, ಗಂಜಿ ಆಗಬೇಕು, ಹಾಸು ಹಾಕಬೇಕು. ನೇಯೂದು ಯಾವಾಗ?”

ಅವಳು ಸೀರೆಯ ಮಡಿಕೆಯನ್ನು ಸವರುತ್ತ ನಿಂತಳು. “ಹೋದ ಸಲ ಭಾಳ ಅವಸರ ಮಾಡಿದ್ನಿರಿ. ಮೂರ ತಿಂಗಳಿಗೇ ಮಗ್ಗದ ಮ್ಯಾಲ ಹಸರು ಏರಿಸಿದ್ನಿ. ಸೀರಿ ಅರ್ಧಾ ಆಗಿತ್ತು, ಆಕೀದು ಐದರಾಗ ಹೋತು. ಈ ಸಲ ಆರು ತುಂಬೂತನಕ ನೂಲಾ ಮುಟ್ಟೂದಿಲ್ಲ ಅಂತ ಹಟಾ ಹಿಡದಿದ್ನಿ. ನಿನ್ನಿಗೆ ತುಂಬ್ತು, ಇವತ್ತ ಬಂದೇನಿ.”

ನಾನು ಸೀರೆಯನ್ನು ನನ್ನ ಕಡೆ ಎಳೆದುಕೊಂಡೆ.

“ಇದು ನಮ್ಮವ್ವ ನನಗ ನೇಯ್ದಿದ್ದು. ಇದನ್ನ ಉಟ್ಟ ಕುಂತು ಉಡಿ ತುಂಬಿಸಿಕೊಂಡ ಮ್ಯಾಲ ನಾಕ ಹಡದೇನ್ರಿ. ನಾಕೂ ಉಳದಾವು. ಗೀತಾಗ ಇದ ಹಸರು ಬೇಕು. ಇದರಂಗ ಅಲ್ಲ, ಇದ.”

“ಹಂಗಿದ್ರ ಇದನ್ನ ಉಡಿಸಬಹುದಲ್ಲ?”

“ಹಳೇ ಸೀರಿ ಉಡಸ್ತಾರೇನ್ರಿ ಕುಬಸಕ್ಕ? ನಿಮ್ಮ ಕಾನ್ವೆಂಟಿನ್ಯಾಗ ಇದೊಂದ ಕಲಿಸಿಲ್ಲ ನೋಡ್ರಿ.”

ಬಣ್ಣಕ್ಕೆ ನೂಲು ತೂಗಿಸಿದೆ. ಒಂದೇ ಸೀರೆಗೆಂದು ಯಾರೂ ಹಾಸು ಹಾಕುವುದಿಲ್ಲ. ಉದ್ದ ಎಳೆಗಳನ್ನು ಮೂರು ಸೀರೆಗಾಗುವಷ್ಟು ಒಮ್ಮೆಲೇ ಮಗ್ಗಕ್ಕೆ ಏರಿಸುತ್ತಾರೆ. ಮೊದಲನೆಯದು ಗೀತಾಳಿಗೆ, ಉಳಿದೆರಡು ಸಂಘಕ್ಕೆ ಎಂದು ಮಾತಾಯಿತು. ಆಮೇಲೆ ಆ ಹಳೆಯ ಸೀರೆಯನ್ನು ಕಿಟಕಿಯ ಬಳಿ ಹರಡಿದೆ.

ಗಾಡ್, ಎಂಥ ಹಸಿರು ಅದು! ಹೆಸರುಕಾಳಿನ ಸಿಪ್ಪೆಯ ಬಣ್ಣಕ್ಕೆ ಹಾಲು ಬೆರೆಸಿದ ಹಾಗೆ. ಎಷ್ಟೋ ಒಗೆತ, ಎಷ್ಟೋ ಬಿಸಿಲು ಕಂಡು ಮೆತ್ತಗಾದದ್ದು. ಮಡಿಕೆಯ ಹೊರಗೆ ಒಂದು ಹಸಿರು, ಮಡಿಕೆಯ ಒಳಗೆ ಅದಕ್ಕಿಂತ ತುಸು ಗಾಢ. ನಾನು ಹೊರಗಿನದಕ್ಕೆ ಒಂದು ಸ್ಯಾಂಪಲ್ ಮಾಡಿದೆ, ಒಳಗಿನದಕ್ಕೆ ಒಂದು, ನಡುವಿನದಕ್ಕೆ ಒಂದು. ಯಾವುದೂ ಅದಾಗಲಿಲ್ಲ. ಹೊಸ ನೂಲಿಗೆ ಎಷ್ಟು ತಿಳಿ ಹಸಿರು ಹಾಕಿದರೂ ಹೊಸದಾಗಿಯೇ ಕಾಣುತ್ತಿತ್ತು. ಕಿಟಕಿಯ ತಂತಿಯ ಮೇಲೆ ಲಡಿಗಳು ಸಾಲುಗಟ್ಟಿದವು. ಬೇವಿನ ಚಿಗುರು, ಕಬ್ಬಿನ ಗರಿ, ಎಳೆ ಮೆಕ್ಕೆಜೋಳದ ಸಿಪ್ಪೆ.

ಶಾಂತವ್ವ ದಿನವೂ ಬಾಗಿಲಿಗೆ ಬರುತ್ತಿದ್ದಳು. “ಆತೇನ್ರಿ ಹಸರು?”

“ನಾಳೆ ನೋಡೋಣ, ಶಾಂತವ್ವ.”

“ನಾಳಿ ನಾಳಿ ಅನ್ನೂದ್ರಾಗ ಗೀತಾ ಹಡದ ಬಿಡ್ತಾಳ ನೋಡ್ರಿ. ಆಕೀ ಅತ್ತಿ ಆಗಲೇ ಫೋನ್ ಮಾಡಿ, ಜಮಖಂಡ್ಯಾಗಿಂದ ಒಂದು ರೆಡಿಮೇಡ್ ತಂದ ಬಿಡ್ರಿ ಅನ್ನಾಕತ್ತಾಳ.”

ಗೀತಾಳ ಅತ್ತೆ ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಆದರೆ ಕಳೆದ ಸಲ ಆದದ್ದಕ್ಕೆ ಶಾಂತವ್ವ ತನ್ನ ಅವಸರವನ್ನೇ ಕಾರಣ ಮಾಡಿಕೊಂಡಿದ್ದಳು. ಈ ಸಲ ತಾನು ನೇಯ್ದ ಸೀರೆ ಮಗಳ ಮೈಮೇಲೆ ಬೀಳದಿದ್ದರೆ, ಮುಂದೆ ಏನು ಹೆಚ್ಚುಕಡಿಮೆಯಾದರೂ ಅದನ್ನೂ ತನ್ನ ತಲೆಗೇ ಕಟ್ಟಿಕೊಳ್ಳುತ್ತಾಳೆ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಬಣ್ಣ ಪರ್ಫೆಕ್ಟ್ ಆಗಬೇಕು ಎಂದು ಇನ್ನಷ್ಟು ಎಳೆದೆ. ಈ ಲೆಕ್ಕಾಚಾರ ಹೊರಗಿನಿಂದ ಎಷ್ಟು ವಿಚಿತ್ರ! ಒಳಗಿರುವವರಿಗೆ ಅದು ಶ್ರದ್ಧೆಯ ಹಾಗೆಯೇ ಕಾಣುತ್ತದೆ.

ಒಂದು ಬೆಳಿಗ್ಗೆ ಇನ್ನೊಂದು ಉಪಾಯ ಹೊಳೆಯಿತು. ಸೀರೆಯ ಒಳತುದಿಯನ್ನು ಮಡಚಿ ಹೊಲಿದಿದ್ದರು. ಆ ಮಡಿಕೆಯ ಒಳಗೆ ಬಿಸಿಲು ಹೋಗಿರುವುದಿಲ್ಲವಲ್ಲ ಎಂದು, ಶಾಂತವ್ವನ ಎದುರಿಗೇ ನಾಲ್ಕು ಹೊಲಿಗೆ ಬಿಚ್ಚಿದೆ. ಬಿಚ್ಚುವುದರಲ್ಲಿ ನನ್ನ ಕೈ ಪಳಗಿದ್ದೇ. ಒಳಗಿದ್ದದ್ದು ಅಪ್ಪಟ ಗಿಳಿ ಹಸಿರು. ಕಣ್ಣಿಗೆ ಹೊಡೆಯುವಂಥದ್ದು.

“ಯವ್ವಾ! ಇದ್ಯಾವ ಹಸರ್ರೀ?”

“ನಿಮ್ಮವ್ವನ ಹಸರು. ಹೊಸಾದಿದ್ದಾಗ ಹಿಂಗಿತ್ತು.”

ಶಾಂತವ್ವ ಬಾಯಿಗೆ ಸೆರಗು ಹಿಡಿದು ನಿಂತಳು. “ನನಗ ನೆನಪ ಇಲ್ರೀ. ನಾ ಕಂಡಿದ್ದು ಈ ಮ್ಯಾಲಿಂದು. ಆದ್ರ ನಮ್ಮವ್ವ ನೇಯ್ದಿದ್ದು ಇದು ಅಂತೀರಿ. ಹಂಗಾರ ಖರೇ ಯಾವುದು?”

ಇಲ್ಲಿಯವರೆಗೆ ಒಬ್ಬಳೇ ತಿಣುಕುತ್ತಿದ್ದೆ, ಈಗ ಇಬ್ಬರಾದೆವು. ಹುಡುಗಿಯರೇ, ಇದನ್ನು ಗಮನಿಸಿ. ನಿರ್ಧಾರ ಆಗದಿದ್ದಾಗ ನಾವು ಇನ್ನಷ್ಟು ಮಾಹಿತಿ ಹುಡುಕುತ್ತೇವೆ. ಕೆಲವೊಮ್ಮೆ ಅದು ಬೇಕೂ ಬೇಕು. ಕಾಸ್ಟಿಕ್ ಸೋಡಾ ಅಳೆಯುವಾಗ, ಯಾವ ಡಬ್ಬಿಯಲ್ಲಿ ಯಾವ ಪುಡಿ ಎಂದು ನೋಡುವಾಗ, ನೂರು ಸಲ ನೋಡಿ, ಯಾರು ನಕ್ಕರೂ ನೋಡಿ. ಆದರೆ ಉತ್ತರ ಬಂದ ಮೇಲೂ ಪ್ರಶ್ನೆ ದೊಡ್ಡದಾಗುತ್ತಲೇ ಹೋದರೆ, ನೀವು ಹುಡುಕುತ್ತಿರುವುದು ಮಾಹಿತಿಯನ್ನಲ್ಲ. ತಪ್ಪೇ ಆಗದ ಒಂದು ಜಾಗವನ್ನು. ಅಂಥ ಜಾಗ ಬಣ್ಣದ ಮನೆಯಲ್ಲಿ ಇಲ್ಲ, ಮತ್ತೆಲ್ಲಿ ಇದೆಯೋ ನನಗೆ ತಿಳಿಯದು.

ಮರುದಿನ ಗಂಡಹೆಂಡತಿ ಇಬ್ಬರೂ ಬಂದರು. ಮಲ್ಲಪ್ಪ ಕಟ್ಟೆಯ ಮೇಲೆ ಕುಕ್ಕರಗಾಲಲ್ಲಿ ಕುಳಿತು ತಂತಿಯ ಮೇಲಿನ ಲಡಿಗಳನ್ನು ನೋಡಿದ.

“ಹಸರಂದ್ರ ಹಸರು. ಮ್ಯಾಲಿಂದೋ ಒಳಗಿಂದೋ, ಒಂದ ಹಾಕ್ರಿ. ಮಗ್ಗಾ ಖಾಲಿ ಕುಂತೈತಿ, ನಾನೂ ಖಾಲಿ ಕುಂತೇನಿ.”

“ನೀವ ಸುಮ್ಕಿರ್ರಿ,” ಎಂದಳು ಶಾಂತವ್ವ. “ಹಡದಿದ್ರ ಗೊತ್ತಾಗ್ತಿತ್ತು.”

“ಹಡದಿಲ್ಲ ಖರೆ. ನೇಯೂದಂತೂ ನಾಕ ದಿನದ ಕೆಲಸ ಅಲ್ಲ, ಅದು ನನಗ ಗೊತ್ತೈತಿ. ಸೋಮವಾರ ಹಾಸು ಹಾಕಲಿಲ್ಲಂದ್ರ ಸೀರಿ ಆಗೂದಿಲ್ಲ. ಇಷ್ಟ ಹೇಳಿ ಹೋಗಾಕ ಬಂದೇನಿ.”

ಅಂದು ಶುಕ್ರವಾರ. ಅವರು ಹೋದ ಮೇಲೆ ಪಾಟೀಲ ಸಾಹೇಬರು ಚಹಾದ ಕಪ್ಪು ಹಿಡಿದುಕೊಂಡೇ ಒಳಗೆ ಬಂದರು.

“ಏನ್ರಿ ಬಾಯಾರ, ಕಿಟಕ್ಯಾಗ ಕಾಯಿಪಲ್ಲೆ ಸಂತಿ ಹಚ್ಚೀರಿ?”

“ಸರ್, ಎರಡೂ ಸರಿ ಅನಿಸ್ತಾವ. ಎರಡೂ ತಪ್ಪು ಅನಿಸ್ತಾವ.”

“ಬಣ್ಣ ತಪ್ಪಾದ್ರ ಏನಾಕ್ಕೈತಿ?”

“ಶಾಂತವ್ವ ಮನಸಿಗೆ ಹಚ್ಚಿಕೊಳ್ತಾಳ. ನನ್ನ ಬೈತಾಳ.”

“ದಿನಾ ತಪ್ಪಿದ್ರ?”

“ಅಯ್ಯಾರ್ನ ಕೇಳಿದ್ರ ಇನ್ನೊಂದು ದಿನಾ ತಗದ ಕೊಡಬಹುದು.”

“ಹೊಟ್ಟ್ಯಾಗಿನ ಕೂಸಿಗೂ ಪಂಚಾಂಗ ತೋರಸ್ತೀರೇನು? ಏಳ ತಿಂಗಳ ದಾಟಿದ್ರ ಎಂಟು. ಅವರ ಮನ್ಯಾಗ ಎಂಟರಾಗ ಕುಬಸಾ ಮಾಡೂದಿಲ್ಲ. ತಿರಗಿ ಬರದೇ ಇರೂದು ಯಾವುದು, ಬಣ್ಣನೋ, ದಿನಾನೋ?”

ನಾನು ಲಡಿಗಳ ಕಡೆ ಕೈ ತೋರಿಸಿದೆ. “ಹಂಗಾದ್ರ ನೀವೇ ಹೇಳಿಬಿಡ್ರಿ ಸರ್, ಯಾವುದು ಹಾಕ್ಲಿ?”

“ನನ್ನ ಕೇಳಬ್ಯಾಡ್ರಿ. ನನಗ ಹಸರು, ಬೂದಿ ಎರಡೂ ಒಂದ ಕಾಣ್ತಾವು,” ಎಂದು ಉಳಿದ ಚಹಾ ಕುಡಿದು ಹೋದರು. ಚೇಷ್ಟೆಗೆ ಹೇಳಿದರೋ, ನಿಜವಾಗಿಯೂ ಅವರಿಗೆ ಬಣ್ಣ ಕಾಣುತ್ತಿರಲಿಲ್ಲವೋ, ನನಗೆ ಇವತ್ತಿಗೂ ತಿಳಿಯದು. ಬಣ್ಣದ ಮನೆ ನಡೆಸುವ ಮ್ಯಾನೇಜರನ್ನು ಹಾಗೆ ಕೇಳುವುದಾದರೂ ಹೇಗೆ?

ನಮ್ಮ ಕಿಟಕಿಗೆ ಸಂಜೆ ನಾಲ್ಕರವರೆಗೆ ಒಳ್ಳೆಯ ಬೆಳಕು ಇರುತ್ತಿತ್ತು. ಆ ಬೆಳಕು ಇಳಿಯುವ ಮೊದಲು ಹೇಳಿಬಿಡುತ್ತೇನೆ, ಆಮೇಲೆ ಲಡಿಗಳನ್ನು ನೋಡುವುದೇ ಇಲ್ಲ ಎಂದು ನನಗೆ ನಾನೇ ಗೆರೆ ಎಳೆದುಕೊಂಡೆ. ತಂತಿಯ ಮೇಲಿನವನ್ನೆಲ್ಲ ತೆಗೆಸಿ ಎರಡನ್ನೇ ಉಳಿಸಿದೆ. ಮಸುಕಾದದ್ದಕ್ಕೆ ಹತ್ತಿರದ್ದು ಒಂದು, ಗಿಳಿ ಹಸಿರಿಗೆ ಹತ್ತಿರದ್ದು ಒಂದು. ವಿಚಿತ್ರವೆಂದರೆ, ಎರಡೇ ಉಳಿದಾಗ ಬಣ್ಣಗಳು ಕಾಣುವುದು ನಿಂತು ಸೀರೆ ಕಾಣಿಸಿತು. ಮಸುಕಾದ ಹಸಿರನ್ನು ಯಾರೂ ಹಂಡೆಯಲ್ಲಿ ಮಾಡಿದ್ದಲ್ಲ. ಅದು ಶಾಂತವ್ವನ ಬದುಕಿನಲ್ಲಿ ಆದದ್ದು. ಅವಳ ತಾಯಿ ಕೊಟ್ಟದ್ದು ಗಿಳಿ ಹಸಿರನ್ನೇ.

ನಾಲ್ಕಕ್ಕೆ ಮೊದಲೇ ಶಾಂತವ್ವನನ್ನು ಕರೆಸಿ ಹೇಳಿದೆ. “ಒಳಗಿನ ಹಸರು ಹಾಕ್ತೇನಿ. ಮ್ಯಾಲಿಂದು ನೀನು ಉಟ್ಟು, ಒಗದು, ಒಣಗಿಸಿ ಆಗಿದ್ದು. ಅಷ್ಟು ವರ್ಷದ ನೀರು, ಬಿಸಿಲು ನನ್ನ ಹಂಡ್ಯಾಗ ಇಲ್ಲ.”

ಅವಳು ಬಹಳ ಹೊತ್ತು ಎರಡೂ ಲಡಿಗಳನ್ನು ಕೈಯಲ್ಲಿ ತೂಗುತ್ತ ನಿಂತಳು. “ಹಾಕ್ರಿ ಹಂಗಾರ. ಸರಿ ಬರದಿದ್ರ ನಿಮ್ಮನ್ನ ಬೈಯಾಕರ ಬರ್ತೈತಿ. ಇಷ್ಟ ದಿನಾ ಯಾರ್ನ ಬೈಬೇಕು ಅನ್ನೂದ ಗೊತ್ತಾಗಿರಲಿಲ್ಲ.”

ನನ್ನ ಸರ್ವಿಸ್ಸಿನಲ್ಲಿ ಕೇಳಿದ ಅತ್ಯಂತ ಉಪಯೋಗದ ಮಾತು ಅದು. ನಿರ್ಧಾರ ಮಾಡುವವರ ಕೆಲಸದಲ್ಲಿ ಬೈಸಿಕೊಳ್ಳುವುದೂ ಸೇರಿದೆ. ಪಾರ್ಟ್ ಆಫ್ ದ ಜಾಬ್, ಅಷ್ಟೆ.

ಇಲ್ಲಿಗೆ ಮುಗಿದಿದ್ದರೆ ಇದು ಚಂದದ ಕತೆ. ಶನಿವಾರ ನೂಲು ಹಂಡೆಗೆ ಹೋಯಿತು. ಅಂದು ದೊಡ್ಡ ಹಂಡೆಯಲ್ಲಿ ಬೇರೆ ಬಣ್ಣವಿತ್ತು. ಕಾಯುವುದಕ್ಕೆ ಹೊತ್ತಿರಲಿಲ್ಲ, ಎರಡು ಸಣ್ಣ ಹಂಡೆಗಳಲ್ಲಿ ಅರ್ಧರ್ಧ ಹಾಕಿಸಿದೆ. ಮಧ್ಯಾಹ್ನ ಒಣಗಿದ ಮೇಲೆ ನೋಡಿದರೆ ಎರಡು ಹಂಡೆ, ಎರಡು ಹಸಿರು. ಒಂದು ಸರಿಯಾಗಿ ಗಿಳಿ ಹಸಿರು, ಇನ್ನೊಂದಕ್ಕೆ ತುಸು ನೀಲಿ ಹತ್ತಿತ್ತು. ಹಾಗೇ ಬೆರೆಸಿ ನೇಯ್ದರೆ ಸೀರೆಯ ತುಂಬ ಪಟ್ಟೆಪಟ್ಟೆ ಕಾಣುತ್ತದೆ. ಮತ್ತೆ ಅದ್ದಿದರೆ ಸೋಮವಾರ ತಪ್ಪುತ್ತದೆ. ಕುಂಕುಮಗೆಂಪಿನ ಕತೆ ಬೇರೆ ನೆನಪಿತ್ತು.

ನೂಲು ಒಯ್ಯಲು ಬಂದಿದ್ದ ಮಲ್ಲಪ್ಪ ಎರಡೂ ಕಟ್ಟುಗಳನ್ನು ಪಕ್ಕಪಕ್ಕ ಇಟ್ಟು ನೋಡಿದ. “ಬಾಯಾರ, ಇವು ಅಣ್ಣತಮ್ಮ ಅಲ್ರಿ, ದಾಯಾದಿಗಳು. ಕೂಡಿಸಿದ್ರ ಜಗಳಾ ಆಡ್ತಾವು.”

ಕಿಟಕಿಗೆ ಹೋಗಬೇಕೆನಿಸಿತು. ಹೋಗಲಿಲ್ಲ. ಒಂದನ್ನೊಂದು ಮುಟ್ಟದ ಹಾಗೆ ಇಡಲು ಮಗ್ಗದಲ್ಲಿ ಜಾಗ ಎಲ್ಲಿದೆ ಎಂದಷ್ಟೇ ಯೋಚಿಸಿದೆ. “ಗಿಳಿ ಹಸರು ಉದ್ದಕ್ಕ, ಹಾಸಿಗೆ ಹಾಕು. ನೀಲಿ ಇದ್ದದ್ದು ಅಡ್ಡಕ್ಕ, ಹೊಕ್ಕಿಗೆ. ಎಲ್ಲಾ ಕಡೆ ಸರೀ ಬೆರೀತಾವ, ಪಟ್ಟಿ ಬೀಳೂದಿಲ್ಲ. ನೆರಳು-ಬಿಸಿಲಿನಂಗ ಕಾಣ್ತದ.”

“ಗೀತಾನ ಅತ್ತಿ ಏನರೆ ಅಂದ್ರ?”

“ನನ್ನ ಹೆಸರು ಹೇಳು.”

ಮಲ್ಲಪ್ಪ ಕಟ್ಟುಗಳನ್ನು ಹೆಗಲಿಗೆ ಏರಿಸಿದ. ಬಾಗಿಲಲ್ಲಿ ನಿಂತು ತಿರುಗಿ, “ನಾಳಿ ಅನ್ನಲಿಲ್ಲಲ್ರೀ ಇವತ್ತ! ಆರಾಮ ಅದೀರಿಲ್ಲೋ?” ಎಂದ.

ನಾನು ಮಾಡಿದ್ದು ಸರಿಯೇ ಎಂದು ಕೇಳಿದರೆ ಉತ್ತರವಿಲ್ಲ. ಎರಡು ಗಂಟೆ ಕಾದಿದ್ದರೆ ದೊಡ್ಡ ಹಂಡೆ ಖಾಲಿಯಾಗುತ್ತಿತ್ತೋ ಏನೋ. ಆದರೆ ಒಂದನ್ನು ಗಮನಿಸಿದೆ. ಮೊದಲ ನಿರ್ಧಾರಕ್ಕೆ ಎಷ್ಟೋ ದಿನ ಹಿಡಿದಿತ್ತು, ಎರಡನೆಯದಕ್ಕೆ ಒಂದು ಕಪ್ ಚಹಾದ ಹೊತ್ತು. ಎರಡನೆಯದು ಸುಲಭದ್ದೇನೂ ಆಗಿರಲಿಲ್ಲ. ಆದರೆ ಮೊದಲನೆಯದನ್ನು ಮಾಡಿಯೂ ನಾನು ಬದುಕಿದ್ದೆ.

ಕುಬಸಕ್ಕೆ ನನ್ನನ್ನೂ ಕರೆದಿದ್ದರು. ಗಲಗಲಿಗೆ ಬಸ್ಸಿನಲ್ಲಿ ಹೋದೆವು. ಸೀರೆ ಹಿಂದಿನ ದಿನವಷ್ಟೇ ಮಗ್ಗದಿಂದ ಇಳಿದಿತ್ತು, ಗಂಜಿಯ ವಾಸನೆ ಇನ್ನೂ ಹಾಗೇ ಇತ್ತು. ಸೆರಗಿನ ಕುಚ್ಚು ಅರ್ಧ ಮಾತ್ರ ಕಟ್ಟಿ ಆಗಿತ್ತು. ಶಾಂತವ್ವ ಬಸ್ಸಿನ ಕುಲುಕಾಟದಲ್ಲೇ ತೊಡೆಯ ಮೇಲೆ ಸೆರಗು ಹರಡಿಕೊಂಡು ಗಂಟು ಹಾಕುತ್ತ ಬಂದಳು. ಕೃಷ್ಣೆ ಕಾಣಿಸುವ ಹೊತ್ತಿಗೂ ಮುಗಿದಿರಲಿಲ್ಲ. ಮೂರ್ನಾಲ್ಕು ಕುಚ್ಚು ಹಾಗೇ ಬಿಟ್ಟಳು. ಗಂಟುಗಳು ಒಂದರ ಹಾಗೆ ಒಂದಿರಲಿಲ್ಲ. ನನ್ನ ಸಿಸ್ಟರ್ ನೋಡಿದ್ದರೆ ಏನೆನ್ನುತ್ತಿದ್ದರು ಎಂದುಕೊಂಡು ಕಿಟಕಿಯ ಹೊರಗೆ ಹೊಳೆ ನೋಡುತ್ತ ಕುಳಿತೆ.

ಗೀತಾ ಸೀರೆ ಉಟ್ಟು ಅಂಗಳಕ್ಕೆ ಬಂದಳು. ನೆರಳಿನಲ್ಲಿ ನಡೆದಾಗ ಒಂದು ಹಸಿರು, ಬಿಸಿಲಿಗೆ ಬಂದಾಗ ಇನ್ನೊಂದು. ಮಣೆಯ ಮೇಲೆ ಕುಳಿತು ನೆರಿಗೆ ಸರಿಮಾಡಿಕೊಂಡಾಗ ಎರಡೂ ಒಟ್ಟಿಗೇ ಹೊಳೆದವು. ಹಾಡುತ್ತಿದ್ದ ಹೆಂಗಸರು ಒಂದು ಕ್ಷಣ ನಿಲ್ಲಿಸಿ ನೋಡಿದರು. ಅವಳ ಅತ್ತೆ ಬಗ್ಗಿ ಸೆರಗನ್ನು ಬೆರಳಲ್ಲಿ ಹೊರಳಿಸಿದಳು.

“ಇದೇನ ಹಸರಬೇ ಶಾಂತವ್ವಾ, ನಿಂತ್ರ ಒಂದು, ಕುಂತ್ರ ಒಂದು ಕಾಣತೈತಿ?”

ನನ್ನ ಹೆಸರು ಹೇಳಲು ನಾನೇ ಕೊಟ್ಟ ಅಪ್ಪಣೆ ಇತ್ತು. ನಾನು ಬೈಸಿಕೊಳ್ಳಲು ಸಿದ್ಧಳಾಗಿ ಕುಳಿತಿದ್ದೆ. ಶಾಂತವ್ವ ಬಳೆ ಏರಿಸುತ್ತಿದ್ದ ಕೈ ನಿಲ್ಲಿಸಲಿಲ್ಲ.

“ನಮ್ಮ ಮನಿ ಹಸರು ಹಿಂಗ ಇರ್ತೈತ್ರಿ,” ಎಂದಳು. “ನಮ್ಮವ್ವನ ಕಾಲದಿಂದ.”

ಅತ್ತೆ “ಛಲೋ ಐತಿ ಬಿಡ್ರಿ” ಎಂದಳು. ಹಾಡು ಮುಂದುವರಿಯಿತು. ಶಾಂತವ್ವ ನನ್ನ ಕಡೆ ಒಮ್ಮೆ ನೋಡಿದಳು, ನಗಲಿಲ್ಲ. ನಾನೂ ನಗಲಿಲ್ಲ.

ಆಮೇಲೆ ಕಾಲ ಬದಲಾಯಿತು. ಕಿಟಕಿಯ ಜಾಗಕ್ಕೆ ಲೈಟ್ ಬಾಕ್ಸ್ ಬಂತು, ನನ್ನ ಕೊನೆಯ ವರ್ಷಗಳಲ್ಲಿ ಕಂಪ್ಯೂಟರ್ ಬಂತು. ಬಟ್ಟೆಯನ್ನು ಅದರ ಕಣ್ಣಿಗೆ ಹಿಡಿದರೆ ವ್ಯತ್ಯಾಸ ಎಷ್ಟು ಎಂದು ನಂಬರ್ ಕೊಡುತ್ತದೆ. ಇನ್ನು ಮೇಲೆ ಯಾರಿಗೂ ಕಷ್ಟವಿಲ್ಲ ಎಂದುಕೊಂಡೆ. ಆದರೆ ಹೊಸದಾಗಿ ಬಂದ ಹುಡುಗಿಯರು ಆ ನಂಬರನ್ನು ಇನ್ನೂ ಒಂದಿಷ್ಟು ಇಳಿಸಬಹುದೇ ಎಂದು ಸಂಜೆಯವರೆಗೆ ಕೂರುತ್ತಿದ್ದರು. ಮೆಷಿನ್ ವ್ಯತ್ಯಾಸವನ್ನು ಹೇಳುತ್ತದೆ. ‘ಸಾಕು’ ಎಂದು ನಾವೇ ಹೇಳಬೇಕು.

ಮೊನ್ನೆ ಬೆಳಿಗ್ಗೆ ಚಹಾ ಸೋಸಿಕೊಂಡು ಕುಳಿತಿದ್ದೆ, ಗಲಗಲಿಯಿಂದ ಗೀತಾಳ ಫೋನ್ ಬಂತು. ಅವಳ ಮಗಳು ಭಾಗ್ಯಾ ಈಗ ಬಸುರಿ, ಏಳನೇ ತಿಂಗಳು. ಅಂದು ಆ ಮಣೆಯ ಮೇಲೆ ಗೀತಾ ಕುಳಿತಿದ್ದಾಗ ಹೊಟ್ಟೆಯಲ್ಲಿದ್ದವಳೇ ಈ ಭಾಗ್ಯಾ.

“ಬಾಯಾರ, ಅಪ್ಪನ ಮಗ್ಗಾ ಅಪ್ಪನ ಜೊತಿನ ಹೋತು. ನನಗ ನೇಯಾಕ ಬರೂದಿಲ್ಲ. ರಬಕವ್ಯಾಗ ಒಬ್ರು ಕೈಮಗ್ಗದವ್ರು ಒಪ್ಯಾರ. ನನ್ನ ಕುಬಸದ ಸೀರಿ ಐತೆಲ್ಲ, ಅದ ಹಸರು ಬೇಕಂತ ಹೇಳೇನಿ. ಸಂಘದಾಗಿನ ಹುಡಿಗಿ ಕಂಪ್ಯೂಟರಿಗೆ ಹಿಡದ ನೋಡಿದ್ಲು. ಒಂದೊಂದ ಕಡೆ ಒಂದೊಂದ ನಂಬರ ಬರ್ತೈತಂತ. ಎರಡ ವಾರ ಆತು, ಯಾವುದು ಹಿಡೀಲಿ ಅಂತ ಕುಂತಾಳ.”

ಹಿಂದಿನಿಂದ ಒಂದು ದನಿ ಕೇಳಿಸಿತು. ಮುಪ್ಪಾಗಿದ್ದರೂ ಗುರುತು ಹತ್ತುವ ದನಿ, ಶಾಂತವ್ವನದು. “ಬಾಯಾರ್ನ ಯಾಕ ಕೇಳ್ತಿಬೇ? ನಾಳಿ ಅಂತಾರ ಅವ್ರು!”

“ಫೋನ್ ಇಡಬೇಡ ಗೀತಾ,” ಎಂದೆ. “ಸೀರಿ ಕೈಯಾಗ ಐತೇನು? ಒಳತುದಿ ಹೊಲಿಗಿ ನಾಕು ಬಿಚ್ಚು. ಒಳಗ ಯಾವ ಹಸರು ಐತಿ, ಅದನ್ನ ಹಾಕಸು.”

ಸ್ವಲ್ಪ ಹೊತ್ತು ಬಟ್ಟೆಯ ಸರಸರ ಸದ್ದು ಮಾತ್ರ ಕೇಳಿಸಿತು.

“ಬಾಯಾರ, ಒಳಗ ಎರಡ ಹಸರು ಅದಾವ್ರೀ. ಉದ್ದಕ್ಕ ಒಂದು, ಅಡ್ಡಕ್ಕ ಒಂದು. ಒಂದರಾಗ ನೀಲಿ ಐತಿ. ಇದರಾಗ ಖರೇದು ಯಾವುದ್ರಿ?”

“ಎರಡೂ,” ಎಂದೆ. “ಎರಡ ಹಂಡ್ಯಾಗ ಹಾಕಸು ಅಂತ ಆ ಹುಡಿಗಿಗೆ ಹೇಳು. ಇವತ್ತ ಹೇಳು.”

“ನಾ ಅಂದಿದ್ದಿಲ್ಲಾ?” ಎಂದಿತು ಹಿಂದಿನ ದನಿ. “ನಮ್ಮ ಮನಿ ಹಸರು ಹಿಂಗ ಇರ್ತೈತಿ.”

ಫೋನ್ ಇಟ್ಟೆ. ಚಹಾ ಇನ್ನೂ ಬಿಸಿಯಾಗಿತ್ತು.